ಕಡಲ ಕಿರುಅಲೆ ನೋಡಿ ಗಾಳಿ ಅಳೆಯುವ ಉಪಗ್ರಹ

ಮುಂಬಯಿಯ ಕೊಲಾಬಾದ ವೇಧಶಾಲೆ ಶುರುವಾದದ್ದು 1826ರಲ್ಲಿ. ಮುಂಬಯಿಗೆ ಬಂದು ತಲುಪಿದ ಗಾಳಿಯನ್ನು ಅಲ್ಲಿ ಅಳೆಯಬಹುದು. ಆದರೆ ಈ ಊರನ್ನು ನಡುಗಿಸುವ ಚಂಡಮಾರುತ ಹುಟ್ಟುವುದು ಕಂಬ ನೆಟ್ಟು ಗಾಳಿ ಅಳೆಯಲಾಗದ ನಡುಗಡಲಲ್ಲಿ. ಅಲ್ಲಿನ ಗಾಳಿಯ ಸುದ್ದಿ ತರುವ ಉಪಕರಣವೇ ಸ್ಕ್ಯಾಟರೋಮೀಟರ್.

ಇದು ಉಪಗ್ರಹದಲ್ಲಿ ಕುಳಿತ ಒಂದು ರೇಡಾರ್. ಗಾಳಿ ಇದಕ್ಕೆ ಕಾಣುವುದಿಲ್ಲ, ಕಾಣುವುದು ಗಾಳಿ ಎಬ್ಬಿಸಿದ ಕಿರುಅಲೆ. ಸುಮಾರು 720 ಕಿ.ಮೀ. ಎತ್ತರದಿಂದ ಓರೆಯಾಗಿ ಬಿಟ್ಟ ರೇಡಿಯೊ ಅಲೆ ನಿಶ್ಚಲ ನೀರಿಗೆ ಬಿದ್ದರೆ ಅತ್ತ ಜಾರಿಹೋಗುತ್ತದೆ. ಗಾಳಿ ಬೀಸಿ, ಒಂದೆರಡು ಸೆಂಟಿಮೀಟರ್‌ ಅಂತರದ ಅಲೆಗಳೆದ್ದು ನೀರು ಒರಟಾದರೆ ಆ ರೇಡಿಯೊ ಅಲೆಯಲ್ಲಿ ಒಂದಷ್ಟು ಮರಳಿ ಬರುತ್ತದೆ. ಹಾಗೆ ಮರಳಿದ್ದು ಹೆಚ್ಚಿದಷ್ಟೂ ಗಾಳಿ ಜೋರು. ಗಾಳಿಯ ನೇರಕ್ಕೆ ನೋಡಿದಾಗ ಪ್ರತಿಧ್ವನಿ ಹೆಚ್ಚು, ಅಡ್ಡಕ್ಕೆ ನೋಡಿದಾಗ ಕಡಿಮೆ. ಆದ್ದರಿಂದ ತಿರುಗುವ ಆಂಟೆನಾ ಒಂದೇ ಜಾಗವನ್ನು ಹಲವು ಕೋನಗಳಿಂದ ನೋಡಿ ದಿಕ್ಕನ್ನೂ ಹೇಳುತ್ತದೆ. ನೀರಿನ ಮೇಲ್ಮೈ ನೋಡಿ ಗಾಳಿ ಗುರುತಿಸುವುದು ಮುಂಬಯಿಯ ಕೋಳಿ ಸಮುದಾಯದ ಮೀನುಗಾರರಿಗೂ, ನಮ್ಮ ಕರಾವಳಿಯಿಂದ ಇಲ್ಲಿಗೆ ಬಂದ ಮೊಗವೀರರಿಗೂ ಹೊಸದಲ್ಲ. ಅದೇ ವಿದ್ಯೆ ಇಲ್ಲಿ ಇಡೀ ಅರಬ್ಬೀ ಸಮುದ್ರಕ್ಕೆ ಹಬ್ಬಿದೆ.

ಭಾರತದ ಮೊದಲ ಸ್ಕ್ಯಾಟರೋಮೀಟರ್ 2009ರ ಸೆಪ್ಟೆಂಬರ್ 23ರಂದು ಓಷನ್‌ಸ್ಯಾಟ್-2ರೊಂದಿಗೆ ಮೇಲೇರಿತು. ಎರಡು ತಿಂಗಳೊಳಗೇ ಫಯಾನ್ ಚಂಡಮಾರುತ ಮುಂಬಯಿ ಬಳಿ ದಡ ಮುಟ್ಟಿತು. 2014ರಲ್ಲಿ ಆ ಉಪಕರಣ ಕೆಟ್ಟ ಮೇಲೆ, 2016ರಲ್ಲಿ ಸ್ಕ್ಯಾಟ್‌ಸ್ಯಾಟ್-1 ಹಾರುವ ತನಕ ನಮಗೆ ನಮ್ಮದೇ ಸ್ಕ್ಯಾಟರೋಮೀಟರ್ ಇರಲಿಲ್ಲ, ಹೊರದೇಶದ ಉಪಗ್ರಹಗಳನ್ನೇ ನೆಚ್ಚಬೇಕಾಯಿತು. ಇಷ್ಟುದ್ದದ ಕರಾವಳಿಯಿರುವ ದೇಶಕ್ಕೆ ಅಂಥ ಕೊರತೆ ಬರಬಾರದು. 2022ರ ನವೆಂಬರ್‌ನಲ್ಲಿ ಹಾರಿದ ಇಒಎಸ್-06 ಈ ಸಾಲಿನ ಮುಂದಿನ ಕೊಂಡಿ.

ಮಿತಿಗಳೂ ಇವೆ. ದಡದ ಹತ್ತಿರ ನೆಲದ ಪ್ರತಿಧ್ವನಿ ಬೆರೆತು ಲೆಕ್ಕ ಕೆಡುತ್ತದೆ, ಬಿರುಮಳೆಯಲ್ಲೂ ಅಷ್ಟೇ. ಇಂಥ ಉಪಗ್ರಹ ಒಂದು ಕಡೆ ದಿನವಿಡೀ ನಿಂತು ನೋಡಲಾರದು. ಹಾಗಾಗಿ ಕೊಲಾಬಾದ ಗಾಳಿಮಾಪಕವೂ ಡಾಪ್ಲರ್ ರೇಡಾರೂ ಇಂದಿಗೂ ಬೇಕು.

2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿ ಪಕ್ಕದಿಂದಲೇ ಗುಜರಾತಿನತ್ತ ಸಾಗಿದಾಗ ಕೊಲಾಬಾದಲ್ಲಿ ಗಾಳಿಯ ಹೊಡೆತ ಗಂಟೆಗೆ 100 ಕಿ.ಮೀ. ದಾಟಿತ್ತು. ಹವಾಮಾನ ಇಲಾಖೆ ದಿನಗಳ ಮೊದಲೇ ಎಚ್ಚರಿಸಿತ್ತು. ಆದರೂ ಪಿ-305 ಬಾರ್ಜ್ ಮತ್ತು ವರಪ್ರದ ಟಗ್ ಮುಳುಗಿ 80ಕ್ಕೂ ಹೆಚ್ಚು ಜನ ಸತ್ತರು. ಗಾಳಿಯ ಸುದ್ದಿ ಈಗ ಬೇಗ ಬರುತ್ತದೆ. ಕಡಲಲ್ಲಿ ದುಡಿಯುವವರು ನಿಮ್ಮ ಮನೆಯಲ್ಲಿದ್ದರೆ, ಇಲಾಖೆ ‘ಇಳಿಯಬೇಡಿ’ ಎಂದ ದಿನ ದಯವಿಟ್ಟು ಅವರನ್ನು ತಡೆಯಿರಿ.