ಮೆಗ್ನೀಸಿಯಂ ಮಣಿಯುವ ಹದ

ಘನ ಸೆಂಟಿಮೀಟರಿಗೆ 1.74 ಗ್ರಾಂ ಮಾತ್ರ ತೂಗುವ ಮೆಗ್ನೀಸಿಯಂ, ಅಲ್ಯೂಮಿನಿಯಂಗಿಂತ ಸುಮಾರು ಮೂರರಲ್ಲೊಂದು ಪಾಲು ಹಗುರವಾದರೂ, ತಣ್ಣಗಿರುವಾಗ ಸುಲಭವಾಗಿ ಮಣಿಯದ ಲೋಹ. ಅದರ ಪರಮಾಣುಗಳು ಷಟ್ಕೋನ ವಿನ್ಯಾಸದ ಪದರಗಳಾಗಿ ಜೋಡಣೆಗೊಂಡಿದ್ದು, ಸಾಮಾನ್ಯ ಉಷ್ಣತೆಯಲ್ಲಿ ಬಹುಮಟ್ಟಿಗೆ ಈ ಪದರಗಳ ನಡುವೆ ಮಾತ್ರ ಜಾರಿಕೆ ಸಾಧ್ಯ. ಸುಮಾರು 225 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲಷ್ಟೇ ಬೇರೆ ದಿಕ್ಕಿನ ಸಮತಲಗಳೂ ಜಾರತೊಡಗಿ ಲೋಹ ಮಿದುವಾಗುತ್ತದೆ. ಕುಡುಗೋಲು ತಟ್ಟುವ ಕಮ್ಮಾರ ಕುಲುಮೆಯ ಕಬ್ಬಿಣ ಕೆಂಪೇರಿದ ಬಗೆಯಿಂದಲೇ ಹದ ತಿಳಿಯಬಲ್ಲ. ಆದರೆ ಮೆಗ್ನೀಸಿಯಂ ಬಡಿಯಲು ತಕ್ಕ 300–400 ಡಿಗ್ರಿಯಲ್ಲಿ ಲೋಹ ಕೆಂಪಗಾಗದ ಕಾರಣ ಕಣ್ಣಂದಾಜು ನಡೆಯದು, ಉಷ್ಣಮಾಪಕವೇ ಬೇಕು.

ಇಂಥ ಲೋಹಕ್ಕೆ ಗಡಸುತನ ಕೊಡಲು ಅದರ ಪುಡಿಗೆ ಸಿಲಿಕಾನ್ ಕಾರ್ಬೈಡ್ ಅಥವಾ ಅಲ್ಯೂಮಿನಾದಂಥ ಸೆರಾಮಿಕ್ ಕಣಗಳನ್ನು ಬೆರೆಸಿ, ಅಚ್ಚಿನಲ್ಲಿ ಒತ್ತಿ ಬಿಲ್ಲೆ ಮಾಡಿ, 650 ಡಿಗ್ರಿಯ ಕರಗುವ ಬಿಂದುವಿಗಿಂತ ಕೆಳಗೆ ಕಾಯಿಸಿ ಕಣಕ್ಕೆ ಕಣ ಬೆಸೆಯುತ್ತಾರೆ. ಈ ಬೆಸೆಯುವಿಕೆಗೆ ಸಿಂಟರಿಂಗ್ ಎಂದು ಹೆಸರು. ನುಣ್ಣನೆಯ ಮೆಗ್ನೀಸಿಯಂ ಪುಡಿ ಸುಲಭವಾಗಿ ಹೊತ್ತಿಕೊಳ್ಳುವುದರಿಂದ ಆರ್ಗಾನ್ ಅನಿಲದ ರಕ್ಷಣೆ ಅಗತ್ಯ, ಉರಿಯುವಾಗ ನೀರು ಸುರಿದರಂತೂ ಹೈಡ್ರೋಜನ್ ಹುಟ್ಟಿ ಅನಾಹುತ ಹೆಚ್ಚುತ್ತದೆ.

ನಿಜವಾದ ಪರೀಕ್ಷೆ ಒತ್ತುಯಂತ್ರದ ಕೆಳಗೆ. ಬಿಲ್ಲೆಯೊಳಗೆ ಉಳಿದ ಸೂಕ್ಷ್ಮರಂಧ್ರಗಳು ಮುಚ್ಚುತ್ತ ಹೋದಂತೆ ಅದು ಗಿಡ್ಡಾಗುವುದಷ್ಟೇ ಅಲ್ಲದೆ ಅದರ ಗಾತ್ರವೂ ಕುಗ್ಗುತ್ತದೆ. ಮೇಲೆ ಕೆಳಗಿನ ಮುಖಗಳು ಅಚ್ಚಿನ ತಿಕ್ಕಾಟಕ್ಕೆ ಸಿಕ್ಕು ಹರಡಲಾರದೆ, ನಡುಭಾಗ ಪೀಪಾಯಿಯಂತೆ ಉಬ್ಬಿ, ಆ ಉಬ್ಬಿನ ಸುತ್ತಲೂ ಎಳೆತ ಹುಟ್ಟುತ್ತದೆ. ಬಿರುಕು ಮೊದಲು ಕಾಣುವುದು ಸಾಮಾನ್ಯವಾಗಿ ಅಲ್ಲಿಯೇ. ಸೆರಾಮಿಕ್ ಕಣಗಳು ಮಣಿಯದವಾದ್ದರಿಂದ ಅವು ಗುಂಪುಗೂಡಿದ ಕಡೆ ಲೋಹದ ಹಿಡಿತ ಬಿಟ್ಟು ಹೊಸ ರಂಧ್ರಗಳು ತೆರೆದುಕೊಳ್ಳುತ್ತವೆ. ಬಲದ ಅಂಕಿಗಳನ್ನಷ್ಟೇ ಹೊಗಳುವ ಬರಹಗಳು ಈ ನಷ್ಟದ ಲೆಕ್ಕವನ್ನು ಹೇಳುವುದು ಕಡಿಮೆ.

ಎಷ್ಟು ಬಿಸಿಯಲ್ಲಿ, ಎಷ್ಟು ವೇಗದಲ್ಲಿ ಒತ್ತಬೇಕೆಂಬುದನ್ನು ತೋರುವ ಸಂಸ್ಕರಣ ನಕ್ಷೆಯ ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ವಿ.ಆರ್.ಕೆ. ಪ್ರಸಾದ್ ಮತ್ತು ಅಮೆರಿಕದ ಸಹೋದ್ಯೋಗಿಗಳು 1984ರಲ್ಲಿ ಟೈಟಾನಿಯಂ ಮಿಶ್ರಲೋಹವೊಂದರ ಅಧ್ಯಯನದಲ್ಲಿ ಮಂಡಿಸಿದರು. ಉಷ್ಣತೆ ಒಂದು ಅಕ್ಷ, ಆಕಾರ ಬದಲಾಗುವ ವೇಗ ಇನ್ನೊಂದು. ಲೋಹ ಸುರಕ್ಷಿತವಾಗಿ ಹರಿಯುವ ವಲಯಗಳೂ ಅಸ್ಥಿರಗೊಳ್ಳುವ ವಲಯಗಳೂ ಅದರಲ್ಲಿ ಬೇರೆ ಬೇರೆಯಾಗಿ ಗೋಚರಿಸುತ್ತವೆ. ಪುಡಿಯಿಂದ ತಯಾರಿಸಿದ, ಶೇ. 20ರಷ್ಟು ಸಿಲಿಕಾನ್ ಕಾರ್ಬೈಡ್ ಇರುವ ಅಲ್ಯೂಮಿನಿಯಂ ಸಂಮಿಶ್ರ ವಸ್ತುವಿಗೂ (ಕಾಂಪೊಸಿಟ್) ಪ್ರಸಾದ್ ಮತ್ತು ಸಂಗಡಿಗರು ಇಂಥ ನಕ್ಷೆ ರಚಿಸಿದ್ದಾರೆ.

ಮೆಗ್ನೀಸಿಯಂ ಸಂಮಿಶ್ರ ವಸ್ತುವಿಗೂ ಇದೇ ದಾರಿ ಸಲ್ಲುತ್ತದೆ. ಆದರೂ ತೆರೆದ ಒತ್ತುವಿಕೆಗಿಂತ, ಬಿಲ್ಲೆಯನ್ನು ಕಿರಿದಾದ ರಂಧ್ರದ ಮೂಲಕ ಸರಳಾಗಿ ಹೊರದೂಡುವ ಎಕ್ಸ್‌ಟ್ರೂಷನ್ ಕ್ರಮ ಹೆಚ್ಚು ಬಳಕೆಯಲ್ಲಿದೆ, ಏಕೆಂದರೆ ಅಲ್ಲಿ ಸುತ್ತಲಿನ ಗೋಡೆ ಎಲ್ಲ ದಿಕ್ಕಿನಿಂದಲೂ ಅದುಮಿ ಹಿಡಿಯುವುದರಿಂದ ಬಿರುಕುಗಳಿಗೆ ಬಾಯಿ ತೆರೆಯುವ ಅವಕಾಶ ಕಡಿಮೆ.