ಮೇಲೆ ಬತ್ತಿ, ಕೆಳಗೆ ಕೊಳೆತ ಅರ್ಕಾವತಿ

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ಮಾಗಡಿ ಸೀಮೆಯ ಮಂಚನಬೆಲೆ ಜಲಾಶಯ ದಾಟಿ, ರಾಮನಗರ ಪಟ್ಟಣವನ್ನು ಹಾದು, ಕನಕಪುರದ ಹಾರೋಬೆಲೆಯಲ್ಲಿ ತಂಗಿ, ಸಂಗಮದಲ್ಲಿ ಕಾವೇರಿ ಸೇರುತ್ತದೆ. ಹೊಳೆ ಬತ್ತಿತೇಕೆ ಎಂದರೆ ಮಳೆ ಕಮ್ಮಿಯಾಯಿತು ಎಂಬ ಉತ್ತರ ಎಲ್ಲರ ಬಾಯಲ್ಲೂ ಸಿದ್ಧವಿದೆ. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರಿಯ ವೀಣಾ ಶ್ರೀನಿವಾಸನ್, ಶರಚ್ಚಂದ್ರ ಲೇಲೆ ಮತ್ತು ಸಂಗಡಿಗರು ಅರ್ಕಾವತಿಗೆ ಕಟ್ಟಿದ 1933ರ ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನವನ್ನು ಜಾಲಾಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಉತ್ತರವನ್ನು ಒಪ್ಪುವುದಿಲ್ಲ. ಮಳೆ ಗಣನೀಯವಾಗಿ ಇಳಿದಿಲ್ಲ; ಕೊಳವೆಬಾವಿಗಳು ಅಂತರ್ಜಲವನ್ನು ಪಾತಾಳಕ್ಕಿಳಿಸಿದ್ದು ಮುಖ್ಯ ಕಾರಣ, ನೀಲಗಿರಿ ತೋಪುಗಳದ್ದೂ ಪಾಲಿದೆ. ಹಳ್ಳಕ್ಕೊಂದು ಚೆಕ್ ಡ್ಯಾಂ ಕಟ್ಟಿದರೆ ಸರಿಹೋದೀತು ಎನ್ನುವವರು ಇದನ್ನು ಗಮನಿಸಬೇಕು. ಹರಿಯುವ ನೀರೇ ಅಲ್ಪವಾದಾಗ ಮೇಲಿನೂರು ಹಿಡಿದಿಟ್ಟದ್ದು ಕೆಳಗಿನೂರಿನ ಕೆರೆಗೆ ತಪ್ಪಿದ ನೀರು.

ಹಾಗಾದರೆ ಹಿಪ್ಪುನೇರಳೆ ನಂಬಿದ ರೈತ ಪಂಪು ನಿಲ್ಲಿಸಬೇಕೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನಿಂತಿರುವುದೇ ಆ ಸೊಪ್ಪಿನ ಮೇಲೆ. ಆದರೆ ಇಲ್ಲಿಯದು ಕಗ್ಗಲ್ಲಿನ ನೆಲ: ಒಂದು ಬಾವಿಯಲ್ಲಿ ನೀರು ಉಕ್ಕಿದರೆ ಪಕ್ಕದ ಹೊಲದ್ದು ಬರಿದು. ಅಂತರ್ಜಲ ಇಲಾಖೆಯ ಕೆಲವೇ ವೀಕ್ಷಣಾ ಬಾವಿಗಳಿಂದ ಇದು ತಿಳಿಯದು. ಎಷ್ಟನೇ ಅಡಿಗೆ ನೀರು ಸಿಕ್ಕಿತು, ಯಾವ ವರ್ಷ ಬಾವಿ ಕೈಕೊಟ್ಟಿತು ಎಂಬ ಲೆಕ್ಕ ರೈತನ ಬಳಿಯೇ ಇದೆ. ಆ ಲೆಕ್ಕ ವಿಜ್ಞಾನಿಯ ನಕ್ಷೆಗೆ ಸೇರಬೇಕು, ನಕ್ಷೆ ಪಂಚಾಯಿತಿಯ ಮುಂದೆ ಬರಬೇಕು. ಆಗ ಪಂಪಿನ ಮಿತಿಯನ್ನು ಊರೇ ಕೂತು ಮಾತಾಡಬಹುದು. ಚನ್ನಪಟ್ಟಣದಲ್ಲಿ ಇಗ್ಗಲೂರು ಬ್ಯಾರೇಜಿನಿಂದ ಶಿಂಷಾ ನೀರೆತ್ತಿ ಕೆರೆ ತುಂಬಿಸಿದ ದಾರಿ ಇದೆಯಲ್ಲ ಎನ್ನಬಹುದು. ಅದು ಅನೇಕ ರೈತರನ್ನು ಕಾಪಾಡಿದೆ, ನಿಜ. ಆದರೆ ಶಿಂಷೆಯೂ ಕಾವೇರಿಯದೇ ಉಪನದಿ. ಕಾವೇರಿ ನೀರಿನಲ್ಲಿ ಕರ್ನಾಟಕದ ಪಾಲು ಮೊದಲೇ ಗೊತ್ತುಮಾಡಿದ್ದು, ಎತ್ತುವ ನೀರೂ ಆ ಪಾಲಿನೊಳಗಿನದೇ.

ಬಿಡದಿ ಬಳಿಯ ಬೈರಮಂಗಲ ಕೆರೆಯ ಕಥೆ ತದ್ವಿರುದ್ಧ. ಕೆರೆಗೆ ಬರುವ ವೃಷಭಾವತಿ ಹೊಳೆಯಲ್ಲಿ ಬೇಸಿಗೆಯಲ್ಲೂ ನೀರಿದೆ, ಆದರೆ ಅದು ಬೆಂಗಳೂರಿನ ಕೊಳಚೆ ಮತ್ತು ಕಾರ್ಖಾನೆಗಳ ತ್ಯಾಜ್ಯ. ಕೋಡಿಯಲ್ಲಿ ಬಿಳಿ ನೊರೆ ಏಳುತ್ತದೆ. ಕೆಳಗಿನ ಗದ್ದೆಗಳಲ್ಲಿ ಭತ್ತದ ಜಾಗಕ್ಕೆ ಸೀಮೆಹುಲ್ಲು ಬಂದಿದೆ. ಕೊಳಚೆಯನ್ನು ಕಾಲುವೆಯಲ್ಲಿ ಕೆರೆಯ ಪಕ್ಕಕ್ಕೆ ತಿರುಗಿಸಿದರೆ ಕೆರೆ ಉಳಿದೀತು, ಆದರೆ ಅದೇ ಕೊಳೆ ಕನಕಪುರದ ಕಡೆ ಅರ್ಕಾವತಿಗೆ ಬೀಳುತ್ತದೆ. ವರ್ಷವಿಡೀ ಸಿಗುವ ನೀರನ್ನು ರೈತರು ಬಿಟ್ಟುಕೊಡಲೂ ಹಿಂಜರಿಯುತ್ತಾರೆ, ಅವರಿಗೆ ಬೇರೆ ನೀರಿಲ್ಲ. ಅಲ್ಲಿನ ನೀರು, ಮಣ್ಣು, ಮೇವು, ಹಾಲು ನಾಲ್ಕನ್ನೂ ರೈತರ ಎದುರೇ ಪರೀಕ್ಷಿಸಿ, ಫಲಿತಾಂಶವನ್ನು ಅವರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬೆಂಗಳೂರು ಜಲಮಂಡಳಿಗೂ ಒಂದೇ ದಿನ ಕೊಡುವ ಏರ್ಪಾಡು ಕಾಲುವೆಯ ಕಾಂಕ್ರೀಟಿಗಿಂತ ಮೊದಲು ಆಗಬೇಕಾದ ಕೆಲಸ.