ಬೆಳ್ಳಿ ಬಿಲ್ಲೆಯ ಅಂಚಿನಲ್ಲಿ ಒಂದು ಪಡೆ

ರಾಮನಗರ ರೈಲು ನಿಲ್ದಾಣದ ಹಿಂದಿನ ಬೀದಿಗಳಲ್ಲಿ ಬೆಳಗಿನ ಹೊತ್ತು ನಡೆದರೆ ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯುತ್ತದೆ. ಅಂಥದೊಂದು ಬೀದಿಯ ಹೆಂಚಿನ ಮನೆಗೆ ನಾನು ಹೋಗಿದ್ದು ಮೀಟರ್ ಗೇಜ್ ಕಾಲದ ಮಾತು ಕೇಳುವುದಕ್ಕೆ. ಮನೆಯ ಯಜಮಾನರಿಗೆ ಎಂಬತ್ತನಾಲ್ಕು ವರ್ಷ. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಅವರ ತಂದೆ ಗ್ಯಾಂಗ್‌ಮನ್, ತಾತ ಟ್ರಾಲಿಮನ್. ಕಾಫಿ ಮುಗಿಯುವ ಹೊತ್ತಿಗೆ ಅವರು ಎದ್ದು, ದೇವರ ಗೂಡಿನಿಂದ ಅರಿಶಿನ ಬಟ್ಟೆಯ ಗಂಟೊಂದನ್ನು ತಂದು ನನ್ನ ಮುಂದೆ ಬಿಚ್ಚಿದರು.

ಒಳಗಿದ್ದದ್ದು ಬೆಳ್ಳಿಯ ಪದಕ. ಒಂದು ಮಗ್ಗುಲಲ್ಲಿ ಐದನೇ ಜಾರ್ಜ್ ದೊರೆಯ ಮುಖ. ಇನ್ನೊಂದು ಮಗ್ಗುಲಲ್ಲಿ, ವಾಲಂಟಿಯರ್ ಪಡೆಯಲ್ಲಿನ ದೀರ್ಘ ಸೇವೆಗಾಗಿ ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳು. ಕೊಂಡಿಯಲ್ಲಿ ಹಸಿರು ರಿಬ್ಬನ್ನಿನ ಎಳೆಗಳು ನಾಲ್ಕು ಉಳಿದಿದ್ದವು. “ಹಂಗಲ್ಲ, ಅಂಚು ನೋಡಿ” ಅಂದರು. ಬಿಲ್ಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದೆ. ರೂಪಾಯಿ ನಾಣ್ಯಕ್ಕೆ ಗೀರು ಇರುವ ಜಾಗದಲ್ಲಿ ಇದಕ್ಕೆ ಅಕ್ಷರಗಳಿದ್ದವು. ಒಬ್ಬ ಮನುಷ್ಯನ ಹೆಸರು, ಆಮೇಲೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ವಾಲಂಟಿಯರ್ ರೈಫಲ್ಸ್ ಪಡೆಯ ಹೆಸರು, ತುಂಡರಿಸಿದ ಅಕ್ಷರಗಳಲ್ಲಿ. ಇಪ್ಪತ್ತು ವರ್ಷ ಸೇವೆ ಮಾಡಿದವರಿಗೆ ಕೊಡುತ್ತಿದ್ದ ಪದಕವಿದು.

ಆ ಹೆಸರಿನವರು ಈ ಹಳಿಯ ಪಿ.ಡಬ್ಲ್ಯೂ.ಐ., ಅಂದರೆ ಹಳಿಯ ಇನ್ಸ್‌ಪೆಕ್ಟರ್, ಆಗಿದ್ದ ಆಂಗ್ಲೋ ಇಂಡಿಯನ್ ಅಧಿಕಾರಿ. ಬಿಡದಿಯಿಂದ ಚನ್ನಪಟ್ಟಣದವರೆಗೆ ಟ್ರಾಲಿಯ ಮೇಲೆ ಕುಳಿತು ಹಳಿ ನೋಡುತ್ತಾ ಹೋಗುತ್ತಿದ್ದರು. ತಳ್ಳುತ್ತಿದ್ದವರಲ್ಲಿ ಹಿರಿಯರ ತಾತ ಒಬ್ಬರು. ಪರೇಡು ಇದ್ದ ದಿನ ದೊರೆ ಖಾಕಿ ತೊಟ್ಟು ರೈಲು ಹತ್ತುತ್ತಿದ್ದರಂತೆ. ಬಂಗಲೆಯಿಂದ ಸ್ಟೇಷನ್ನಿನವರೆಗೆ ರೈಫಲ್ ಹೊರುವ ಕೆಲಸ ತಾತನದು. ಎಣ್ಣೆ ಹಾಕಿ ನಳಿಗೆ ಒರೆಸುವುದೂ ಅವರದೇ. “ಹೊತ್ತಿದ್ದು ನಮ್ಮ ತಾತ, ಹಾರಿಸಿದ್ದು ದೊರೆ. ಒಂದು ಗುಂಡೂ ತಾತನ ಕೈಗೆ ಕೊಡಲಿಲ್ಲ. ಗುಂಡಿನ ಚೀಲ ದೊರೆ ಸೊಂಟದಲ್ಲೇ ಇರೋದು.” ಹಿರಿಯರ ದನಿಯಲ್ಲಿ ಕೋಪವಿರಲಿಲ್ಲ. ಆದರೆ ಆ ಚೀಲದ ಮಾತು ಅವರು ಅವತ್ತು ಮೂರು ಸಲ ಆಡಿದರು.

ಸ್ವಾತಂತ್ರ್ಯ ಬಂದ ಮೇಲೆ ದೊರೆಯ ಮಕ್ಕಳು ಆಸ್ಟ್ರೇಲಿಯಾಕ್ಕೆ ಹೊರಟರು. ಮನೆ ಖಾಲಿ ಮಾಡುವಾಗ ಹಳೆಯ ಆಳಿಗೆಂದು ಕೊಟ್ಟ ಟ್ರಂಕಿನ ತಳದಲ್ಲಿ ಇದು ಸಿಕ್ಕಿತು. ಹಿರಿಯರ ಅಜ್ಜಿಗೆ ಅದು ಬರೀ ಬೆಳ್ಳಿ. ಮಗಳ ಮದುವೆಗೆ ಕಾಲುಂಗುರ ಮಾಡಿಸಲು ಚನ್ನಪಟ್ಟಣದ ಅಕ್ಕಸಾಲಿಗರ ಹತ್ತಿರ ಒಯ್ದರು. ತಾತ ಹಿಂದೆಯೇ ಹೋಗಿ ವಾಪಸು ತಂದರು. “ಇದರ ಮೇಲೆ ಒಬ್ಬರ ಹೆಸರೈತೆ, ಕರಗಿಸಬಾರದು” ಅಂದರಂತೆ.

ಈ ವಾಲಂಟಿಯರ್ ಪಡೆಗಳ ಹುಟ್ಟು 1857ರ ದಂಗೆಯ ಭಯದಲ್ಲಿದೆ. ಮತ್ತೆ ಅಂಥದ್ದೇನಾದರೂ ಆದರೆ ದಂಡು ಬರುವವರೆಗೆ ತಮ್ಮನ್ನು ತಾವೇ ಕಾಯ್ದುಕೊಳ್ಳಬೇಕೆಂದು ಐರೋಪ್ಯರೂ, ಆಗ ಯೂರೇಷಿಯನ್ನರೆಂದು ಕರೆಸಿಕೊಳ್ಳುತ್ತಿದ್ದ ಆಂಗ್ಲೋ ಇಂಡಿಯನ್ನರೂ ಕೋವಿ ಹಿಡಿದರು. ಮದ್ರಾಸಿನ ವಾಲಂಟಿಯರ್ ಗಾರ್ಡ್ಸ್ 1857ರಲ್ಲೇ ಎದ್ದು ನಿಂತಿತು. ಬೆಂಗಳೂರು ರೈಫಲ್ ವಾಲಂಟಿಯರ್ಸ್ ಹುಟ್ಟಿದ್ದು 1868ರಲ್ಲಿ. ಕೋಲಾರದ ಚಿನ್ನದ ಗಣಿಯವರಿಗೆ, ಕೊಡಗು ಮತ್ತು ಮೈಸೂರಿನ ಕಾಫಿ ತೋಟದ ದೊರೆಗಳಿಗೆ, ರೈಲ್ವೆಯವರಿಗೆ ಬೇರೆ ಬೇರೆ ಪಡೆಗಳಾದವು. ಸಂಬಳದ ಸಿಪಾಯಿಗಳಲ್ಲ ಇವರು. ಹಗಲು ಕಚೇರಿ, ಸಂಜೆ ಕವಾಯತು. ವರ್ಷಕ್ಕೆ ಇಂತಿಷ್ಟು ಹಾಜರಿ, ಗುರಿ ಹಲಗೆಯ ಮೇಲೆ ಇಂತಿಷ್ಟು ಅಂಕ ಗಳಿಸಿದವನು ‘ಎಫಿಷಿಯೆಂಟ್’. ಅಂಥವರ ತಲೆ ಎಣಿಸಿ ಸರ್ಕಾರ ಪಡೆಗೆ ಹಣ ಕೊಡುತ್ತಿತ್ತು. ರೈಲ್ವೆಯ ಬಿಳಿಯ ಮತ್ತು ಆಂಗ್ಲೋ ಇಂಡಿಯನ್ ನೌಕರರಿಗಂತೂ ಪಡೆ ಸೇರುವುದು ಹೆಚ್ಚುಕಡಿಮೆ ನೌಕರಿಯ ಕರಾರೇ ಆಗಿತ್ತು.

ರಾಮನಗರ ಆಗ ಕ್ಲೋಸ್‌ಪೇಟೆ. ಮೈಸೂರಿನ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಹೆಸರಿನಲ್ಲಿ 1800ರಲ್ಲಿ ಕಟ್ಟಿದ ಪೇಟೆ. ಮಾಗಡಿಯ ಸಾವನದುರ್ಗ ಕಾರ್ನ್‌ವಾಲಿಸನ ಸೈನ್ಯದ ಕೈಸೇರಿ ಆಗಿನ್ನೂ ಹತ್ತು ವರ್ಷವೂ ಆಗಿರಲಿಲ್ಲ. ಕ್ಲೋಸ್‌ಪೇಟೆ, ಚನ್ನಪಟ್ಟಣ, ಕಾನಕಾನಹಳ್ಳಿ, ಮಾಗಡಿ ಎಲ್ಲವೂ ಬೆಂಗಳೂರು ಜಿಲ್ಲೆಗೆ ಸೇರಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿ, 2007ರವರೆಗೂ ಅಲ್ಲೇ ಇದ್ದವು. 1876ರಿಂದ 78ರವರೆಗಿನ ಬರದಲ್ಲಿ ಹೊಟ್ಟೆಗಿಲ್ಲದೆ ಬಂದ ಜನರನ್ನು ಪರಿಹಾರದ ಕೆಲಸಕ್ಕೆ ಹಚ್ಚಿ ಬೆಂಗಳೂರು–ಮೈಸೂರು ರೈಲುದಾರಿಗೆ ಮಣ್ಣು ಹೊರಿಸಿದರು. 1882ರಲ್ಲಿ ರೈಲು ಮೈಸೂರು ತಲುಪಿತು. 1919ರಲ್ಲಿ ಮೈಸೂರು ಸರ್ಕಾರ ವಾಪಸು ಪಡೆಯುವವರೆಗೆ ಈ ದಾರಿಯನ್ನು ನಡೆಸಿದ್ದು ಸದರ್ನ್ ಮರಾಠಾ ಕಂಪನಿ, ಮುಂದೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ಎಂದಾದದ್ದು. ಮಣ್ಣು ಹೊತ್ತವರ ಮೊಮ್ಮಕ್ಕಳು ಟ್ರಾಲಿ ತಳ್ಳಿದರು. ಹಳಿ ಕಾಯುವ ಪಡೆಗೆ ಮಾತ್ರ ಅವರು ಬೇಡವಾದರು.

ಇದನ್ನು ಪ್ರಶ್ನಿಸಿದವರು ಇಲ್ಲದಿರಲಿಲ್ಲ. 1885ರಲ್ಲಿ ರಷ್ಯ ಅಫಘಾನ್ ಗಡಿಗೆ ಬಂದಿದೆಯೆಂಬ ಗುಲ್ಲೆದ್ದಾಗ ಓದುಬರಹ ಬಲ್ಲ ಭಾರತೀಯರು ನಾವೂ ವಾಲಂಟಿಯರ್ ಆಗುತ್ತೇವೆಂದು ಮುಂದೆ ಬಂದರು. ಸರ್ಕಾರ ಒಪ್ಪಲಿಲ್ಲ. ಮರುವರ್ಷ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ರಾಜಾ ರಾಮಪಾಲ್ ಸಿಂಗ್ ಈ ಬಗ್ಗೆ ಮಾತಾಡಿದರು, ನಿರ್ಣಯವೂ ಆಯಿತು. 1878ರ ಆಯುಧ ಕಾಯಿದೆ ನಮ್ಮವರಿಗೆ ಪರವಾನಗಿ ಕೇಳುತ್ತಿತ್ತು, ಬಿಳಿಯರಿಗೆ ವಿನಾಯಿತಿ ಕೊಡುತ್ತಿತ್ತು. ತಾತನ ಕೈಗೆ ಬಾರದ ಆ ಗುಂಡಿನ ಹಿಂದೆ ಇಷ್ಟೆಲ್ಲ ಇತ್ತು.

ಆಮೇಲಿನದು ಚಿಕ್ಕ ಕಥೆ. 1917ರಲ್ಲಿ ವಾಲಂಟಿಯರ್ ಪಡೆಗಳೆಲ್ಲ ಇಂಡಿಯನ್ ಡಿಫೆನ್ಸ್ ಫೋರ್ಸ್‌ನಲ್ಲಿ ಕರಗಿದವು, 1920ರಲ್ಲಿ ಆಕ್ಸಿಲಿಯರಿ ಫೋರ್ಸ್ ಆದವು, 1947ರಲ್ಲಿ ಮುಗಿದವು. ಬೆಂಗಳೂರಿನ ಪಡೆಯ ಮೂರಕ್ಷರ ಮಾತ್ರ ವಿಚಿತ್ರವಾಗಿ ಉಳಿದುಕೊಂಡಿತು. ಕಬ್ಬನ್ ರಸ್ತೆಯ ಬಿ.ಆರ್.ವಿ. ಟಾಕೀಸು ನಮ್ಮ ಹಿಂದಿನ ತಲೆಮಾರಿಗೆ ಇಂಗ್ಲಿಷ್ ಸಿನಿಮಾದ ಮನೆ. ನಮ್ಮ ತಂದೆ ಚನ್ನಪಟ್ಟಣದಿಂದ ರೈಲಿಗೆ ಹೋಗಿ ಅಲ್ಲಿ ಸಿನಿಮಾ ನೋಡಿ ರಾತ್ರಿ ಗಾಡಿಗೆ ಬರುತ್ತಿದ್ದರು. ಬಿ.ಆರ್.ವಿ. ಅಂದರೆ ಯಾರೋ ಸಾಹುಕಾರರ ಹೆಸರೆಂದೇ ಕೊನೆಯವರೆಗೂ ನಂಬಿದ್ದರು. ಅದು ಬೆಂಗಳೂರು ರೈಫಲ್ ವಾಲಂಟಿಯರ್ಸ್ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಹೇಳಲು ಅವರಿರಲಿಲ್ಲ. ಸಿನಿಮಾ ನಿಂತ ಮೇಲೆ ಅಲ್ಲಿ ಮಿಲಿಟರಿ ಕ್ಯಾಂಟೀನ್ ಬಂತು. ಆ ಗೋಡೆಗೆ ಒಂದು ಕನ್ನಡ ಫಲಕ ಬೇಕು ಎಂಬುದು ನನ್ನ ಆಸೆ. ಅದರಲ್ಲಿ ಪಡೆಯ ಹೆಸರು, ವರ್ಷ ಇರಲಿ. ಯಾರನ್ನು ಸೇರಿಸಿಕೊಳ್ಳಲಿಲ್ಲ ಎಂಬುದೂ ಒಂದು ಸಾಲು ಇರಲಿ.

ವಾಲಂಟಿಯರ್ ಎಂಬ ಮಾತನ್ನು ನಮ್ಮ ಜನ ಬೇರೆ ರೀತಿಯಲ್ಲಿ ತಮ್ಮದಾಗಿಸಿಕೊಂಡರು. ಹುಬ್ಬಳ್ಳಿಯ ನಾ.ಸು. ಹರ್ಡೀಕರರು 1923ರಲ್ಲಿ ಸೇವಾದಳ ಕಟ್ಟಿದರು. ಖಾದಿ ಟೋಪಿಯವರೇ ವಾಲಂಟಿಯರುಗಳಾದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಾಗ ಈ ಹಿರಿಯರ ತಂದೆ ಕೈಯಲ್ಲಿ ಸುತ್ತಿಗೆ ಹಿಡಿದು ಹಳಿಯ ಪಕ್ಕ ನಿಂತಿದ್ದರಂತೆ. ಮದ್ದೂರಿನ ಗಾಡಿ ಕಿಟಕಿಗಳಲ್ಲೆಲ್ಲ ಬಿಳಿ ಟೋಪಿ. ನೌಕರಿ ಹೋದೀತೆಂದು ಇವರು ಹತ್ತಲಿಲ್ಲ. ಗಾಡಿ ಕಣ್ಮರೆಯಾಗುವವರೆಗೆ ನೋಡಿದರು, ಅಷ್ಟೆ.

ನಾವು ಮಾತಾಡುತ್ತಿರುವಾಗ ಮೊಮ್ಮಗಳು ಕಾಲೇಜಿನಿಂದ ಬಂದಳು. ಎನ್‌ಸಿಸಿ ಸಮವಸ್ತ್ರ, ಬೂಟು ತುಂಬ ಧೂಳು. 1917ರ ಪಡೆಯ ಭಾರತೀಯ ವಿಭಾಗದಲ್ಲಿ ಹುಟ್ಟಿದ ಕಾಲೇಜು ಹುಡುಗರ ಕಂಪನಿಗಳೇ ಮುಂದೆ 1948ರಲ್ಲಿ ಎನ್‌ಸಿಸಿಗೆ ದಾರಿಯಾದದ್ದು. ಅದನ್ನು ಅವಳಿಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವಳು ಬಿಲ್ಲೆಯನ್ನು ಎತ್ತಿಕೊಂಡು ಅಂಚಿನ ಅಕ್ಷರಗಳನ್ನು ಒಂದೊಂದಾಗಿ ಜೋರಾಗಿ ಓದತೊಡಗಿದ್ದಳು.

“ಕ್ಯಾಂಪಲ್ಲಿ ಬಂದೂಕ ಕೊಟ್ರೇನವ್ವ?” ಹಿರಿಯರು ಕೇಳಿದರು.

“ಕೊಟ್ರು ತಾತ. ಪಾಯಿಂಟ್ ಟೂ ಟೂ.”

“ಗುಂಡು?”

“ಐದು. ಐದೂ ನಾನೇ ಹೊಡೆದೆ.”

ಹಿರಿಯರು ಅವಳ ಕೈಯಿಂದ ಬಿಲ್ಲೆ ತೆಗೆದುಕೊಂಡು, ಅರಿಶಿನ ಬಟ್ಟೆಯಲ್ಲಿ ಮೊದಲಿನಂತೆಯೇ ಮಡಿಸಿ ಕಟ್ಟಿದರು. ಗಂಟನ್ನು ದೇವರ ಗೂಡಿಗೆ ಒಯ್ಯಲಿಲ್ಲ. ಅವಳ ಕೈಗೇ ಕೊಟ್ಟರು.